ಸ್ಪಿರಿಟ್ಟಿಗೆ ಕಟ್ಟಿದ ಕಾರು

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾರಿನ ವಿಷಯ ಬರೆಯಲು ಈ ಮುದುಕಿಗೇನು ಗೊತ್ತು ಅನ್ನುವವರು ಅನ್ನಲಿ. ಆ ಕಾರಿನ ಹೊಟ್ಟೆಗೆ ಹೋದ ಪೈಪುಗಳೆಲ್ಲ ಮೊದಲು ನನ್ನ ಅಡುಗೆಮನೆಯ ಕಿಟಕಿಯಲ್ಲಿ ಕೂತು, ನನ್ನ ಉಪ್ಪಿನಕಾಯಿ ಬಾಟಲಿಗಳಲ್ಲಿ ನೆನೆದು, ಆಮೇಲೆ ಅಲ್ಲಿಗೆ ಹೋದವು. ನನಗೆ ಅಷ್ಟು ಸಾಕು.

ಕಾರು ನನ್ನ ಮಗನದು. ಯಸಳೂರಿನಿಂದ ಆಚೆಗೆ ನಮ್ಮದೊಂದು ಸಣ್ಣ ಕಾಫಿ ತೋಟ, ಮರಕ್ಕೆ ಮೆಣಸು. ಅವನು ತೋಟ ಬಿಟ್ಟು ಹೋದವನಲ್ಲ. ಹೋದರೆ ರೇಸಿಗೆ, ರೇಸು ಮುಗಿದರೆ ಮನೆಗೆ. ಮೀಸೆ ಬರುವ ವಯಸ್ಸಿಗೇ ವನಗೂರು ಕಡೆಯ ತೋಟಗಳಿಂದ ಏಲಕ್ಕಿ ಮೂಟೆ ಹೇರಿಕೊಂಡು ಜೀಪು ಇಳಿಸುತ್ತಿದ್ದ. ಆ ರಸ್ತೆಯಲ್ಲಿ ಮಳೆಗಾಲ ಜೀಪು ಇಳಿಸಿದವನಿಗೆ ಮಿಕ್ಕ ರಸ್ತೆಯೆಲ್ಲ ಹಜಾರದ ಹಾಗೆ ಕಾಣುತ್ತದೆ. ಅವನಿಗೆ ಬಂದ ವಿದ್ಯೆ ಅದೊಂದು. ಲೆಕ್ಕ ಬರಲಿಲ್ಲ, ಮಾತು ಬರಲಿಲ್ಲ, ಗಾಡಿ ಬಂತು.

ನಮ್ಮ ಕಡೆ ದೊಡ್ಡ ಎಸ್ಟೇಟಿನವರಿಗೆ ರೇಸಿನ ಹುಚ್ಚು ಹೊಸದಲ್ಲ. ತಮ್ಮದೇ ತೋಟದ ರಸ್ತೆಗೆ ಹಗ್ಗ ಕಟ್ಟಿ, ತಿರುವಿನಲ್ಲಿ ಬಾವುಟದವರನ್ನು ನಿಲ್ಲಿಸಿ, ಒಂದೊಂದೇ ಕಾರನ್ನು ಗುಡ್ಡ ಹತ್ತಿಸುತ್ತಾರೆ. ಯಾರು ಬೇಗ ತುದಿ ಮುಟ್ಟಿದರೋ ಅವರು ಗೆದ್ದ ಹಾಗೆ. ಮಗನೂ ಒಂದು ಹಳೇ ಕಾರು ತಂದು, ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪಿನ ಗೂಡು ಕಟ್ಟಿಸಿ, ಕೆಂಪು ಬಣ್ಣ ಹೊಡೆಸಿ ಇಟ್ಟುಕೊಂಡಿದ್ದ. ಎಂಜಿನ್ನಿಗೆ ಗಾಳಿ ತುರುಕುವ ಬಸವನಹುಳುವಿನಂಥ ಒಂದು ಸಾಮಾನನ್ನೂ ಹಾಕಿಸಿದ್ದ. ಅದಕ್ಕೆ ಟರ್ಬೊ ಅನ್ನುತ್ತಾರೆ. ನೋಡಲು ಬಡಕಲು ಕಾರು. ಶಬ್ದ ಮಾಡಿದರೆ ಮಾತ್ರ ಕೊಟ್ಟಿಗೆಯ ಹಸು ಹಗ್ಗ ಕೀಳುತ್ತಿತ್ತು.

ಎರಡು ಸಾವಿರ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿರಬೇಕು. ವನಗೂರಿನಾಚೆ ಒಬ್ಬ ಎಸ್ಟೇಟ್ ಸಾಹುಕಾರರು, ರೇಸಿಗೆಂದೇ ಕಾರು ಸಾಕಿದವರು, ಸಂಬಳ ಕೊಟ್ಟು ಡ್ರೈವರನ್ನು ಇಟ್ಟವರು. ಆ ವರ್ಷ ಅವರು ತಮ್ಮ ಕಾರಿಗೆ ಪೆಟ್ರೋಲು ಬಿಡಿಸಿ ಸ್ಪಿರಿಟ್ಟು ಹಿಡಿಸಿದರು. ಕಬ್ಬಿನ ಕಾರ್ಖಾನೆಯಿಂದ ಬರುತ್ತದಲ್ಲ, ಆ ಸ್ಪಿರಿಟ್ಟು. ಅದಕ್ಕೆ ಅವರ ಹತ್ತಿರ ಪರವಾನಗಿಯೂ ಇತ್ತು. ಅವರು ನನ್ನ ಮಗನನ್ನು ಕರೆಸಿ ಹೇಳಿದರಂತೆ: "ಜನವರೀಲಿ ನಮ್ ಗುಡ್ಡದಲ್ಲಿ ಸ್ಪಿರಿಟ್ ಗಾಡಿಗಳ್ದೇ ಒಂದು ಓಟ ಇಡ್ತೀನಿ. ನಿನ್ ಗಾಡೀನೂ ಹಂಗೆ ಮಾಡ್ಕೊಂಡು ಬಾ. ನಮ್ ಡ್ರೈವರ್‌ಗಿಂತ ಬೇಗ ಹತ್ತಿದ್ರೆ ಮುಂದಿನ ವರ್ಷ ನನ್ ಕಾರಲ್ಲಿ ನೀನೇ ಕೂತ್ಕೊ. ಊರೂರ್ ಸುತ್ತು."

ಮಗ ಅದನ್ನು ಬಂದು ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೂರು ಅಂದರೂ ಕೂರಲಿಲ್ಲ.

"ಆಯ್ತಲ್ಲ, ಕರೆದವ್ರಲ್ಲ, ಹೋಗು" ಅಂದೆ.

"ಇನ್ನೊಂದ್ ಸಲ ಕರೆಯಲ್ಲ ಕಣವ್ವ. ನಂಗೆ ಮೂವತ್ತಾರು. ನನ್ ಜತೆಯವ್ರೆಲ್ಲ ಬಿಟ್ಟು ಹೊಟ್ಟೆ ಬೆಳೆಸ್ಕೊಂಡವ್ರೆ."

"ನಿಂಗೂ ಬೆಳೀತದೆ. ನಿಮ್ಮಪ್ಪಂಗೆ ನಲವತ್ತಕ್ಕೆ ಬೆಳೀತು."

ಅವನು ನಗಲಿಲ್ಲ. ನಗದಿದ್ದಾಗ ನನಗೆ ತಿಳಿಯಿತು, ಇದು ಆಟವಲ್ಲ ಅಂತ.

ಸಕಲೇಶಪುರದಲ್ಲಿ ಗ್ಯಾರೇಜು ಇಟ್ಟ ಅವನ ಗೆಳೆಯನೊಬ್ಬ ಇದ್ದ. ಇಬ್ಬರೂ ಸೇರಿ ಕಾರನ್ನು ನಮ್ಮ ಕಾಫಿ ಸ್ಟೋರಿನ ಮುಂದಿನ ಶೆಡ್ಡಿಗೆ ತಳ್ಳಿ ಬಿಚ್ಚಲು ಕೂತರು. ನಾನು ಕಾಫಿ ಕೊಡಲು ಹೋದಾಗ ಕೇಳಿದೆ. ಸಾರಾಯಿ ಕುಡಿಸಿದರೆ ಗಾಡಿ ಬೇಗ ಹೋಗುವುದಾದರೆ ಪಂಪೂ ಪೈಪೂ ಯಾಕೆ ಕೀಳಬೇಕು, ಟ್ಯಾಂಕಿಗೆ ಸುರಿದರೆ ಆಯಿತಲ್ಲ.

ಗ್ಯಾರೇಜಿನವನು ಒಳ್ಳೆಯ ಮಾತುಗಾರ. "ಅಮ್ಮ, ನೀವು ಒಲೆಗೆ ಮತ್ತಿ ಸೌದೆ ಇಡ್ತೀರಿ. ಒಂದ್ ದಿನ ಮತ್ತಿ ಇಲ್ಲ, ಸಿಲ್ವರ್ ಓಕ್ ಐತೆ. ಅದೇ ಅನ್ನ ಬೇಯೋಕೆ ಎಷ್ಟ್ ಬೇಕು?"

"ಅದು ಬುಸ್ಸಂತ ಉರಿದು ಹೋಗ್ತದೆ. ಒಂದಕ್ಕೆ ಒಂದೂವರೆ ಬೇಕು."

"ಅಷ್ಟೆ ನೋಡಿ. ಸ್ಪಿರಿಟ್ಟು ಸಿಲ್ವರ್ ಓಕು. ಪೆಟ್ರೋಲ್ ಒಂದ್ ಲೋಟ ಕುಡಿಯೋ ಕಡೆ ಇದು ಒಂದೂವರೆ ಕುಡೀತದೆ. ಅಷ್ಟನ್ನ ಹೊತ್ಕೊಂಡ್ ಹೋಗಕ್ಕೆ ದೊಡ್ಡ ಪಂಪು ಬೇಕು, ದಪ್ಪ ಪೈಪು ಬೇಕು, ಎಂಜಿನ್ನಿಗೆ ಚಿಮುಕಿಸೋ ಮೂತಿನೂ ದೊಡ್ಡದಾಗ್ಬೇಕು."

"ಒಂದೂವರೆ ಉರಿಸಿ ಅದೇ ಅನ್ನ ಬೇಯ್ಸೋಕೆ ಇಷ್ಟೆಲ್ಲ ಯಾಕೋ?"

ಅದಕ್ಕೆ ಮಗ ಉತ್ತರ ಕೊಟ್ಟ. ಟರ್ಬೊ ಹೆಚ್ಚು ಗಾಳಿ ತುರುಕಿದರೆ ಪೆಟ್ರೋಲು ಆತುರಪಟ್ಟು ಮೊದಲೇ ಹತ್ತಿಕೊಂಡು ಎಂಜಿನ್ನು ಒಳಗೇ ಕುಟ್ಟಿಕೊಳ್ಳುತ್ತದಂತೆ. ಸ್ಪಿರಿಟ್ಟು ಎಂಜಿನ್ನನ್ನು ತಣ್ಣಗಿಟ್ಟು, ಹೇಳಿದ ಹೊತ್ತಿಗೆ ಉರಿಯುತ್ತದಂತೆ. ಆಗ ಇನ್ನೂ ಗಾಳಿ ತುರುಕಬಹುದು, ಗುಡ್ಡದಲ್ಲಿ ಇನ್ನೂ ಎಳೆಯುತ್ತದೆ. ಅವನು ಅಷ್ಟು ಉದ್ದ ಮಾತಾಡಿದ್ದು ಮದುವೆಯ ಮಾತುಕತೆಯಲ್ಲೂ ಇಲ್ಲ.

ಸಾಹುಕಾರರ ಮನೆಯಿಂದ ಡ್ರಮ್ಮಿನಲ್ಲಿ ಸ್ಪಿರಿಟ್ಟು ಬಂತು. ಅದು ಸುಮ್ಮನೆ ಇರುವ ಎಣ್ಣೆಯಲ್ಲ. ರಬ್ಬರನ್ನು ತಿನ್ನುತ್ತದೆ, ತುಕ್ಕನ್ನು ತೊಳೆದು ತಂದು ಮೂತಿಗೆ ಕಟ್ಟುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಹಳೇ ಟ್ಯಾಂಕು ಕಿತ್ತು ಅಲ್ಯೂಮಿನಿಯಂ ಟ್ಯಾಂಕು ಕೂರಿಸಿದರು, ಒಂದು ಪಂಪಿನ ಜಾಗದಲ್ಲಿ ಎರಡು ಪಂಪು ಹಾಕಿದರು. ಪೈಪು ಯಾವುದು ತಡೆಯುತ್ತದೆ ನೋಡಲು ನನ್ನ ಬಾಟಲಿಗಳು ಬೇಕಾದವು. ಒಂದೊಂದರಲ್ಲೂ ಒಂದೊಂದು ತುಂಡು ಪೈಪು ಹಾಕಿ, ಮೇಲೆ ಸ್ಪಿರಿಟ್ಟು ಸುರಿದು, ಮುಚ್ಚಳ ಬಿಗಿದು ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಹದಿನೈದು ದಿನ ಬಿಟ್ಟು ತೆಗೆದರೆ ಕಾರಿನ ಹಳೇ ಪೈಪು ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿತ್ತು. ಔಷಧಿ ಹೊಡೆಯುವ ಸ್ಪ್ರೇಯರಿನ ಪೈಪು ಗಟ್ಟಿ ಅಂತ ನಾನು ಕೊಟ್ಟಿದ್ದೆ, ಅದು ಒಣಕಡ್ಡಿಯ ಹಾಗೆ ಲಟಕ್ಕನೆ ಮುರಿಯಿತು. ಹೊರಗಿನಿಂದ ತರಿಸಿದ ಒಂದು ಪೈಪು ಮಾತ್ರ ಹಾಕಿದ ಹಾಗೇ ಇತ್ತು. ಅದನ್ನೇ ಎಳೆದರು. ಮುಂದೆ ನಾನು ಆ ಬಾಟಲಿಗಳಿಗೆ ಉಪ್ಪಿನಕಾಯಿ ಹಾಕಲಿಲ್ಲ.

ನಾವು ಲಿಂಗ ಕಟ್ಟಿದ ಮನೆಯವರು. ನಮ್ಮ ಮನೆಯಿಂದ ಸಾರಾಯಿ ಅಂಗಡಿಯ ವಾಸನೆ ಹೊರಟರೆ ಜನ ಸುಮ್ಮನಿರುತ್ತಾರೆಯೇ. ಹಾಲು ಒಯ್ಯಲು ಬಂದವಳು ಮೂಗು ಹಿಡಿದು ಕೇಳಿದಳು, "ಏನವ್ವ, ಮಗ ಕಾಯಿಸ್ತಾನಂತೆ?" ನಾನಂದೆ, "ಹೂಂ, ನಿನ್ ಗಂಡನ್ನ ಕಳಿಸು, ರುಚಿ ನೋಡ್ಲಿ." ಅಂದುಬಿಟ್ಟೆ, ಆದರೆ ನಿಜವಾದ ಹೆದರಿಕೆ ಅದೇ ಆಗಿತ್ತು. ಅದಕ್ಕೆ ವಿಷ ಬೆರೆಸಿರುತ್ತದೆ, ಕುಡಿದರೆ ಕಣ್ಣು ಹೋಗುತ್ತದೆ ಅಂತ ಗ್ಯಾರೇಜಿನವನು ಹೇಳಿದ್ದ. ತೋಟದ ಲೈನುಮನೆಗಳಲ್ಲಿ ಕೂಲಿಯವರು ಇದ್ದರು, ಸಂಜೆಯಾದರೆ ನಾಲಿಗೆ ಒಣಗುವವರು. ಡ್ರಮ್ಮು ಇಟ್ಟಿದ್ದ ಸ್ಟೋರಿಗೆ ಬೀಗ ಹಾಕಿ ಕೀಲಿ ನನ್ನ ಸೊಂಟದಲ್ಲಿಟ್ಟುಕೊಂಡೆ. ನನ್ನಿಂದ ಆಗುವ ಕೆಲಸ ಅದೊಂದೇ ಇತ್ತು.

ನನ್ನ ಸೊಸೆ ಕೆ. ಹೊಸಕೋಟೆ ಕಡೆಯವಳು. ರಾಗಿ ಹೊಲ ನೋಡಿ ಬೆಳೆದವಳು, ಮಾತು ಕಡಿಮೆ, ಆಡಿದರೆ ತೂಕ. ಗಂಡ ಶೆಡ್ಡಿನಲ್ಲಿ ಕೂತಷ್ಟು ಕಾಲವೂ ಅವಳು ಕೈಗೂಸನ್ನು ತೊಟ್ಟಿಲಿಗೆ ಹಾಕಿ ಕಣದಲ್ಲಿ ಆಳುಗಳ ಜತೆ ನಿಂತಳು. ಒಂದು ಮಧ್ಯಾಹ್ನ ನಾವಿಬ್ಬರೂ ಮೆಣಸು ಕೇರುತ್ತಿದ್ದಾಗ ಕೇಳಿದಳು.

"ಅತ್ತೆ, ನೀವೊಂದ್ ಮಾತ್ ಹೇಳ್ಬಾರ್ದಾ. ನಿಮ್ ಮಾತ್ ಕೇಳ್ತಾರೆ."

"ನನ್ ಮಾತ್ ಕೇಳಿದ್ರೆ ನಿನ್ನ ಮದ್ವೆ ಆಗ್ತಿದ್ನಾ? ನಾನು ನಮ್ ಅಣ್ಣನ ಮಗಳನ್ನ ನೋಡಿದ್ದೆ."

"ಅವರ ಪುಣ್ಯ, ತಪ್ಪಿಸ್ಕೊಂಡ್ರು" ಅಂದಳು. ಮೊರ ಆಡಿಸುತ್ತಲೇ ಇದ್ದಳು. ಆಮೇಲೆ ಹೇಳಿದಳು, "ಗೆದ್ರೆ ವರ್ಷದಲ್ಲಿ ಅರ್ಧ ಮನೇಲಿರಲ್ಲ. ಸೋತ್ರೆ ಮನೇಲಿದ್ರೂ ಇರಲ್ಲ. ನಾನ್ ಯಾವ್ದಕ್ಕೆ ದೇವರಿಗೆ ಕೈ ಮುಗೀಲಿ ಹೇಳಿ."

ಗಂಡು ಹೆತ್ತವಳಿಗೆ, ಅವನ ಗಂಡಸುತನಕ್ಕೆ ಬುದ್ಧಿ ಹೇಳುವ ಹೊತ್ತು ಎಂದೋ ಮುಗಿದಿರುತ್ತದೆ. ಮೆಣಸಿನ ಹೊಟ್ಟು ಕಣ್ಣಿಗೆ ಬಿತ್ತು ಅಂತ ಎದ್ದು ಹೋದೆ. ನಿಜವಾಗಿಯೂ ಬಿದ್ದಿತ್ತು.

ಕಾರ್ತಿಕ ಕಳೆಯುವ ಹೊತ್ತಿಗೆ ಕಾರು ಸಿದ್ಧವಾಯಿತು. ಗ್ಯಾರೇಜಿನವನು ಯಾರದೋ ಕಂಪ್ಯೂಟರು ತಂದು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಎಷ್ಟು ಚಿಮುಕಿಸಬೇಕು, ಯಾವಾಗ ಕಿಡಿ ಕೊಡಬೇಕು ಅಂತ ಅದರಲ್ಲೇ ಒತ್ತಿ ಒತ್ತಿ ಹೇಳುತ್ತಿದ್ದ. ನಾಲ್ಕು ಮಧ್ಯಾಹ್ನ ನಮ್ಮ ತೋಟದ ರಸ್ತೆಯಲ್ಲಿ ಓಡಿಸಿದರು. ಕೊನೆಯ ದಿನ ಮಗ, "ಬಾರವ್ವ, ಒಂದ್ ರೌಂಡು" ಅಂತ ನನ್ನನ್ನೇ ಕೂರಿಸಿ ಪಟ್ಟಿ ಬಿಗಿದ. ಹೋಗುವುದಿಲ್ಲ ಅನ್ನಬಹುದಿತ್ತು. ಅವನ ಮುಖ ನೋಡಿ ಅನ್ನಲಿಲ್ಲ.

ಆ ಓಟ ಹೇಗಿತ್ತು ಅಂದರೆ, ಬಾವಿಗೆ ಬಿದ್ದ ಹಾಗೆ, ಆದರೆ ಮೇಲಕ್ಕೆ. ಕಾಫಿ ಗಿಡಗಳೆಲ್ಲ ಒಂದೇ ಹಸುರು ಗೋಡೆಯಾದವು. ನಾನು ರಸ್ತೆ ನೋಡಲಿಲ್ಲ, ಅವನ ಕೈ ನೋಡಿದೆ. ಸ್ಟೀರಿಂಗಿನ ಮೇಲೆ ಆ ಎರಡು ಕೈ ಇದ್ದದ್ದು, ನಾನು ರೊಟ್ಟಿ ತಟ್ಟುವಾಗ ಇರುವ ಹಾಗೆ. ಅವಸರವೇ ಇಲ್ಲ. ಮೇಲೆ ಹೋಗಿ ನಿಲ್ಲಿಸಿ, "ಹೆಂಗೈತವ್ವ?" ಅಂದ.

"ಹಲ್ಲು ಸೆಟ್ ಬಾಯಲ್ಲೇ ಐತೆ. ಅಷ್ಟರಮಟ್ಟಿಗೆ ಚೆನ್ನಾಗೈತೆ."

ಆಗ ಅವನು ನಕ್ಕ. ಮನಸ್ಸಿನಲ್ಲೇ ಅಂದುಕೊಂಡೆ, ಇವನು ಗೆಲ್ಲುತ್ತಾನೆ. ಸೊಸೆಗೆ ಇದನ್ನು ಹೇಳಲಿಲ್ಲ.

ಓಡಿಸಿದ್ದೆಲ್ಲ ಮಧ್ಯಾಹ್ನ, ಬಿಸಿಲಲ್ಲಿ. ಬೆಳಗಿನ ಚಳಿಯ ಮಾತು ಮನೆಯವರ ತಲೆಗೆ ಹೊಳೆಯಲಿಲ್ಲ. ನಮ್ಮ ಕಡೆ ಜನವರಿ ಬೆಳಗು ಹೇಗಿರುತ್ತದೆ ಅಂದರೆ ಕೊಬ್ಬರಿ ಎಣ್ಣೆ ಬಾಟಲಿ ಬೋರಲು ಹಾಕಿದರೂ ತೊಟ್ಟು ಬೀಳುವುದಿಲ್ಲ. ಸ್ಪಿರಿಟ್ಟಿಗೂ ಚಳಿ ಒಗ್ಗುವುದಿಲ್ಲವಂತೆ, ಚಳಿಯಲ್ಲಿ ಕಿಡಿ ಕೊಟ್ಟರೂ ಹತ್ತಿಕೊಳ್ಳುವುದಿಲ್ಲವಂತೆ. ಗ್ಯಾರೇಜಿನವನಿಗೆ ಅದು ಗೊತ್ತಿತ್ತು. ಮೊದಲು ಒಂದಿಷ್ಟು ಪೆಟ್ರೋಲು ಚಿಮುಕಿಸಿ ಹಚ್ಚಿ, ಬಿಸಿಯಾದ ಮೇಲೆ ಸ್ಪಿರಿಟ್ಟಿಗೆ ಬಿಡಬೇಕು ಅಂತ ಒಂದು ಬಾಟಲಿ ಪೆಟ್ರೋಲು ತೆಗೆದಿಟ್ಟಿದ್ದ. ಓಟದ ದಿನ ಅವನು ಟಯರು, ಜಾಕು, ಸ್ಪ್ಯಾನರು ಎಲ್ಲ ನಮ್ಮ ಜೀಪಿಗೆ ಹಾಕಿಕೊಂಡು ಬೆಳಕು ಹರಿಯುತ್ತಲೇ ಗುಡ್ಡಕ್ಕೆ ಹೊರಟ. ಸಾಮಾನಿನ ಜತೆ ಆ ಬಾಟಲಿಯೂ ಹೋಯಿತು.

ಬಿಸಿಲು ಇನ್ನೂ ಕಣಕ್ಕೆ ಬಂದಿರಲಿಲ್ಲ. ಮಗ ದೇವರ ಮನೆಗೆ ಹೋಗಿ ವಿಭೂತಿ ಇಟ್ಟುಕೊಂಡು ಬಂದು, ಕಣಕ್ಕೆ ತಳ್ಳಿ ನಿಲ್ಲಿಸಿದ್ದ ಕಾರು ಹತ್ತಿ ಕೀಲಿ ತಿರುಗಿಸಿದ. ಎರಡು ಪಂಪೂ ಜೇನಿನ ಹಾಗೆ ಗುಂಯ್ ಅಂದವು. ಎಂಜಿನ್ನು ತಿರುಗಿತು, ಹತ್ತಲಿಲ್ಲ. ತಿರುಗಿಸಿದ, ತಿರುಗಿಸಿದ. ಬ್ಯಾಟರಿಯ ಸ್ವರ ಬಿದ್ದುಹೋಗುತ್ತ ಬಂತು. ಕೆಳಗಿಳಿದು ಬಾನೆಟ್ಟು ಎತ್ತಿ ನೋಡಿದ, ಮತ್ತೆ ಹತ್ತಿದ, ಮತ್ತೆ ಇಳಿದ.

"ತಳ್ಳೋಣ್ವಾ?" ಅಂದಳು ಸೊಸೆ.

"ತಳ್ಳಿದ್ರೂ ಹತ್ತಲ್ಲ. ತಣ್ಣಗೈತೆ, ಅದಕ್ಕೆ."

ಆಗ ಅವನು ಬಚ್ಚಲ ಕಡೆ ನಡೆದ. ನಮ್ಮ ಹಳೇ ಡೀಸೆಲ್ ಜೀಪು ಚಳಿಗಾಲದ ಬೆಳಗಿನಲ್ಲಿ ಎಂದೂ ಒಂದೇ ಸಲಕ್ಕೆ ಎದ್ದದ್ದಿಲ್ಲ. ಬಚ್ಚಲೊಲೆಯ ಕೆಂಡ ಬಾಣಲಿಗೆ ತುಂಬಿ ಎಂಜಿನ್ನಿನ ಹೊಟ್ಟೆಯ ಕೆಳಗೆ ತಳ್ಳಿ, ಮೇಲೆ ಗೋಣಿ ಹೊದಿಸಿ, ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಜೀಪು ಬಿಸಿಯಾಗುತ್ತಿತ್ತು. ನನ್ನ ಗಂಡ ಮಾಡುತ್ತಿದ್ದರು, ಸುತ್ತಲಿನ ತೋಟದವರೂ ಮಾಡುತ್ತಿದ್ದರು. ಬಾಣಸಿಗನಿಗೆ ಒಗ್ಗರಣೆ ಹೇಗೋ ನಮ್ಮ ಗಂಡಸರಿಗೆ ಕೆಂಡದ ಬಾಣಲಿ ಹಾಗೆ. ಕೈ ತಾನಾಗಿ ಹೋಗುತ್ತದೆ.

ಸೊಸೆ ಮಾತ್ರ ಹೊಸ್ತಿಲಲ್ಲಿ ಅಡ್ಡ ನಿಂತಳು. "ಬ್ಯಾಡ ರೀ. ಅದು ಸ್ಪಿರಿಟ್ಟು."

"ಸ್ಪಿರಿಟ್ಟು ಟ್ಯಾಂಕಲ್ಲೈತೆ, ಪೈಪಲ್ಲೈತೆ. ಕೆಂಡ ನೆಲದ ಮೇಲೈತೆ. ಜೀಪಿಗೆ ಎಷ್ಟ್ ಸಲ ಹಿಡಿದಿಲ್ಲ ನಾನು?"

"ಜೀಪಿಂದು ಡೀಸೆಲ್ಲು."

"ಸರಿಯೇ ಅತ್ಲಾಗೆ. ಹತ್ತು ಗಂಟೆಗೆ ಬಾವುಟ ಬೀಸ್ತಾರೆ." ಅವಳನ್ನು ದಾಟಿ ಹೋದ. ಅವಳು ನನ್ನ ಮುಖ ನೋಡಿದಳು. ನಾನು ಅವನ ಹೆಸರು ಹಿಡಿದು ಕೂಗಿದೆ. ಅವನು ತಿರುಗಲಿಲ್ಲ.

ಮುಂದೆ ಆದದ್ದನ್ನು ನಾನು ನೋಡಿದೆ ಅನ್ನಬೇಕೋ ನೋಡಲಿಲ್ಲ ಅನ್ನಬೇಕೋ ತಿಳಿಯದು. ಕೆಂಡ ಕೆಳಗೆ ತಳ್ಳಿದ್ದ. ಅಷ್ಟರಲ್ಲಿ ಬಿಸಿಲು ಸಿಲ್ವರ್ ಓಕಿನ ಮೇಲಿಂದ ಇಳಿದು ನೇರ ಕಾರಿನ ಮೇಲೆ ಬಿತ್ತು. ಪಂಪು ಒತ್ತಡ ಕಟ್ಟಲಿ ಅಂತ ಮತ್ತೊಮ್ಮೆ ಕೀಲಿ ತಿರುಗಿಸಿ ಇಳಿದು ಬಂದ. ಎಂಜಿನ್ನಿನ ಮೇಲಿನ ಗಾಳಿ ಏಪ್ರಿಲ್ ತಿಂಗಳ ಕಣದ ಮೇಲಿನ ಗಾಳಿಯ ಹಾಗೆ ನಡುಗುತ್ತಿತ್ತು. ಬಿಸಿಯಾಯಿತು, ಒಳ್ಳೆಯದೇ ಆಯಿತು ಅಂದುಕೊಂಡೆ. ಅವನು ಏನನ್ನೋ ಮುಟ್ಟಿ ನೋಡಲು ಬಲಗೈ ಒಳಗೆ ಹಾಕಿದ, ಹಾಕಿದವನು ಹಿಂದಕ್ಕೆ ಎಗರಿ ಕೈ ಒದರತೊಡಗಿದ. ಕಣಜ ಕಚ್ಚಿದವರು ಹಾಗೆ ಒದರುತ್ತಾರೆ.

"ಏನ್ ಕಚ್ತೋ?" ಅಂದೆ.

"ಬೆಂಕಿ ಕಣವ್ವ, ಬೆಂಕಿ."

"ಎಲ್ಲೈತೆ ಬೆಂಕಿ?"

ಬೆಂಕಿ ಇರಲಿಲ್ಲ. ಹೊಗೆ ಇರಲಿಲ್ಲ, ಉರಿ ಇರಲಿಲ್ಲ, ಕೆಂಪು ಇರಲಿಲ್ಲ. ಮಗ ಅಂಗಳದಲ್ಲಿ ಕುಣಿಯುತ್ತಿದ್ದಾನೆ, ಅವನ ಅಂಗಿಯ ತೋಳು ತನ್ನಷ್ಟಕ್ಕೆ ಕಪ್ಪಾಗಿ ಮೇಲಕ್ಕೆ ಸರಿಯುತ್ತಿದೆ, ಕೈಯ ಕೂದಲು ಸುರುಟಿಕೊಳ್ಳುತ್ತಿದೆ. ಸ್ಪಿರಿಟ್ಟಿನ ಉರಿ ಬಿಸಿಲಲ್ಲಿ ಕಾಣುವುದಿಲ್ಲ ಅನ್ನುವುದು ಆಗ ನನಗೆ ಗೊತ್ತಿಲ್ಲ. ಐವತ್ತು ವರ್ಷಕ್ಕೂ ಮೇಲೆ ಒಲೆಯ ಮುಂದೆ ಕೂತವಳು ನಾನು. ಎಲ್ಲಿ ಹೊಡೆಯಬೇಕು, ಏನನ್ನು ಆರಿಸಬೇಕು ಕಾಣದೆ ಕೈ ಎರಡೂ ಮುಂದೆ ಹಿಡಿದು ನಿಂತಿದ್ದೆ.

ಸೊಸೆ ಹಸುವಿನ ಕಲಗಚ್ಚಿನ ಬಾನಿಯನ್ನೇ ಎಳೆದು ಅವನ ಕೈಯನ್ನು ಮೊಣಕೈ ತನಕ ಅದರಲ್ಲಿ ಅದ್ದಿದಳು. ಆಮೇಲೆ ಕಾಫಿ ಗೋಣಿಗಳನ್ನು ಅದೇ ನೀರಿನಲ್ಲಿ ತೋಯಿಸಿ ಎಂಜಿನ್ನಿನ ಮೇಲೆ ಎಸೆದಳು, ಬಾಣಲಿಯನ್ನು ಕೋಲಿನಿಂದ ಆಚೆಗೆ ತಳ್ಳಿದಳು. ಸ್ಪಿರಿಟ್ಟಿನ ಬೆಂಕಿ ನೀರಿಗೆ ಬಗ್ಗುತ್ತದೆ, ಅದೊಂದು ಪುಣ್ಯ. ಆರಿತೋ ಇಲ್ಲವೋ ತಿಳಿಯಲೂ ನಮಗೆ ಮಾರ್ಗವಿರಲಿಲ್ಲ. ಅವಳು ಒಂದು ಹಿಡಿ ಒಣಹುಲ್ಲು ತಂದು ಅಲ್ಲಿ ಇಲ್ಲಿ ಹಿಡಿದು ನೋಡಿದಳು. ಹುಲ್ಲು ಹತ್ತದ ಮೇಲೆ ಕೂತಳು.

ಒತ್ತಡ ಹಿಡಿದಿಡುವ ಗುಂಡನೆಯ ಸಾಮಾನೊಂದು ಇರುತ್ತದೆ, ಅದರೊಳಗೆ ಒಂದು ರಬ್ಬರ್ ಉಂಗುರ. ಪೈಪುಗಳನ್ನೆಲ್ಲ ಬಾಟಲಿಯಲ್ಲಿ ನೆನೆಸಿ ನೋಡಿದವರು ಅದನ್ನು ಬಿಚ್ಚಿ ನೋಡಿರಲಿಲ್ಲ. ಅದು ಊದಿಕೊಂಡು ಸೀಳಿತ್ತು, ಎರಡು ಪಂಪಿನ ಒತ್ತಡಕ್ಕೆ ಸ್ಪಿರಿಟ್ಟು ಬೆವರಿ ಕೆಳಗೆ ತೊಟ್ಟಿಕ್ಕಿತ್ತು. ಗ್ಯಾರೇಜಿನವನು ಇದನ್ನು ವಾರ ಕಳೆದು ಬಂದು ತೋರಿಸಿದ. ತೋರಿಸಿ ಏನಾಗಬೇಕಿತ್ತು.

ಕಾರಿನ ವೈರುಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಮಗನ ಬಲಗೈ, ಅಂಗೈ ಹಿಂಭಾಗ, ಬೆರಳುಗಳು ಕೆಂಪೇರಿ ಗುಳ್ಳೆ ಎದ್ದವು. ಅವನು ಕೈ ನೋಡಲಿಲ್ಲ, ವೈರು ನೋಡಿದ. ಅಲ್ಲಿಂದ ಎದ್ದು ಚಪ್ಪಲಿ ಮೆಟ್ಟಿ ಗೇಟಿನ ಕಡೆ ಹೊರಟ.

"ಅತ್ತೆ, ಜತೇಲಿ ಹೋಗಿ" ಅಂದಳು ಸೊಸೆ. ಒದ್ದೆ ಪಂಚೆ ಹರಿದು ಅವನ ಕೈಗೆ ಸುತ್ತಿದ್ದಳು. "ಯಸಳೂರಲ್ಲಿ ಡಾಕ್ಟ್ರ ಹತ್ರ ಇಳಿಸ್ಬುಡಿ. ಮಗು ಎದ್ದು ಅಳ್ತಾ ಐತೆ, ನಾನ್ ಬರಕ್ಕಾಗಲ್ಲ."

ನಾನೂ ಅವನ ಹಿಂದೆಯೇ ಹೋಗಿ ಬಸ್ಸು ಹತ್ತಿದೆ. ಬಸ್ಸು ಯಸಳೂರಿಗೆ ಬಂತು. ಡಾಕ್ಟರ ಬಾಗಿಲು ತೆರೆದದ್ದು ಬಸ್ಸಿನಿಂದಲೇ ಕಾಣುತ್ತಿತ್ತು.

"ಇಳಿಯೋ."

"ಬರ್ತಾ ತೋರಿಸ್ತೀನಿ."

"ಕೈ ಕೊಳೀತದೆ."

"ಬರ್ತಾ ಅಂದ್ನಲ್ಲವ್ವ."

ನಾನು ಎದ್ದು ನಿಂತೆ. ನಾನು ಎದ್ದರೆ ಅವನೂ ಏಳುತ್ತಾನೆ ಅಂತ. ಅವನು ಕಿಟಕಿಯ ಕಡೆ ತಿರುಗಿಕೊಂಡ. ಕಂಡಕ್ಟರು ಬಾಗಿಲಲ್ಲಿ ನಿಂತು ಕಾಯುತ್ತಿದ್ದ. "ಅಜ್ಜಿ, ಇಳಿಯೋದಾ ಕೂರೋದಾ? ಒಂದ್ ತೀರ್ಮಾನ ಮಾಡಿ ಮಾರಾಯ್ರೆ, ರೈಟ್ ಹೊಡೀಬೇಕು." ಮೂವತ್ತಾರು ವರ್ಷದವನ ಕಿವಿ ಹಿಡಿದು ಇಳಿಸಲು ಬರುತ್ತದೆಯೇ. ಕೂತೆ.

ಗುಡ್ಡದ ಬುಡದಲ್ಲಿ ಜನ ಇದ್ದರು, ಕಾರುಗಳಿದ್ದವು, ಇಡ್ಲಿ ಪಾತ್ರೆ ಇಟ್ಟಿದ್ದರು. ಗ್ಯಾರೇಜಿನವನು ಓಡಿ ಬಂದ. "ಕಾರೆಲ್ಲೋ ಮಾರಾಯ, ಬಸ್ಸಲ್ ಬರ್ತಿದ್ದೀಯ" ಅಂದವನು ಕೈ ನೋಡಿ ಬಾಯಿ ಮುಚ್ಚಿದ. ನಮ್ಮ ಜೀಪಿನ ಕಡೆ ತಿರುಗಿ, ಆ ಪೆಟ್ರೋಲು ಬಾಟಲಿ ಇದ್ದ ಜಾಗ ನೋಡಿ, ತಲೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ.

ಸಾಹುಕಾರರು ಒಳ್ಳೆಯ ಮನುಷ್ಯ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ನನಗೊಂದು ಕುರ್ಚಿ ಹಾಕಿಸಿದರು, ಮಗನ ಕೈಗೆ ತಣ್ಣನೆ ನೀರು ತರಿಸಿದರು, ಆದದ್ದು ಕೇಳಿದರು. ಕೆಂಡದ ಬಾಣಲಿ ಅಂದಾಗ ನಗಲಿಲ್ಲ. "ನಮ್ ತಂದೇನೂ ಹಿಡೀತಿದ್ರು" ಅಂದರು.

"ಸಾರ್" ಅಂದ ಮಗ, "ನಿಮ್ ಕಾರ್ ಕೊಡಿ. ಒಂದ್ ಸಲ. ಓಟ ಎಲ್ಲ ಮುಗಿದ್ಮೇಲೆ ಕೊಡಿ. ಹತ್ತಿಸಿ ತೋರಿಸ್ತೀನಿ."

"ಕೈ ವಾಸಿ ಆಗ್ಲಿ, ನೋಡಣ."

"ಗೇರ್ ಹಾಕೋದು ಎಡಗೈ. ಅದು ಚೆನ್ನಾಗೈತೆ."

"ಸ್ಟೀರಿಂಗು?"

ಮಗ ಪಂಚೆಯ ಸುತ್ತು ಬಿಚ್ಚಿದ. ಎಲ್ಲರ ಮುಂದೆ ಬಲಗೈ ಮುಂದಕ್ಕೆ ಚಾಚಿ ಮುಷ್ಟಿ ಕಟ್ಟಲು ಹೋದ. ಬೆರಳು ಅರ್ಧಕ್ಕೆ ಬಂದು ನಿಂತವು. ಮತ್ತೆ ಬಿಡಿಸಿ ಮತ್ತೆ ಕಟ್ಟಲು ಹೋದ. ಹಣೆಯ ಮೇಲೆ ಬೆವರು ಬಂದು ವಿಭೂತಿ ಕರಗಿ ಹುಬ್ಬಿಗೆ ಇಳಿಯಿತು. ಒಂದು ಗುಳ್ಳೆ ಒಡೆಯಿತು. ಅಷ್ಟು ಜನ ಇದ್ದರೂ ಸಾಕು ಬಿಡು ಅನ್ನುವವರು ಒಬ್ಬರೂ ಇಲ್ಲ. ನಾನಾದರೂ ಅನ್ನಬಹುದಿತ್ತಲ್ಲ ಅಂದರೆ, ಅವನು ನನ್ನ ಕಡೆ ನೋಡಲೇ ಇಲ್ಲ. ಇನ್ನೊಂದು ಸಲ ಪ್ರಯತ್ನಪಟ್ಟು ಕೈ ಕೆಳಗೆ ಬಿಟ್ಟ.

ಸಾಹುಕಾರರು ಅವನ ಹೆಗಲು ತಟ್ಟಿ, "ಮುಂದಿನ್ ವರ್ಷ" ಅಂದು, ಬಾವುಟದವನ ಕಡೆ ಹೋದರು. ಮುಂದಿನ ವರ್ಷ ಅನ್ನುವುದು ಏನು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ದಿನ ಗೆದ್ದವನು ಹಾಸನದ ಕಡೆಯ ಒಬ್ಬ, ಇಪ್ಪತ್ತೆರಡೋ ಇಪ್ಪತ್ತಮೂರೋ. ಸಾಹುಕಾರರ ಡ್ರೈವರನ್ನು ಹಿಂದೆ ಹಾಕಿದ. ಅವರ ಕಾರಿನಲ್ಲಿ ಕೂರುವ ಮಾತು ಅಲ್ಲೇ, ನನ್ನ ಕುರ್ಚಿಯ ಹಿಂದೆಯೇ ಆಯಿತು. ಮಗ ಕೇಳಿಸಿಕೊಂಡ. ಆ ಹುಡುಗ ಹತ್ತಿರ ಬಂದು ನಮಸ್ಕಾರ ಅಣ್ಣ ಅಂದಾಗ, "ಮೂರನೇ ತಿರುವಲ್ಲಿ ಬ್ರೇಕ್ ಮುಟ್ತೀಯ. ಮುಟ್ಬ್ಯಾಡ. ಗಾಡಿ ತಾನೇ ಕೂತ್ಕೊಳ್ತದೆ" ಅಂದ. ಅಷ್ಟು ಹೇಳಿ ಜೀಪು ಹತ್ತಿದ.

ಹಿಂತಿರುಗುವಾಗ ಗ್ಯಾರೇಜಿನವನು ಡಾಕ್ಟರ ಬಾಗಿಲಲ್ಲಿ ಕೇಳದೆಯೇ ಜೀಪು ನಿಲ್ಲಿಸಿದ. ಡಾಕ್ಟರು ಬೈಯುತ್ತ ಬೈಯುತ್ತ ಮುಲಾಮು ಹಚ್ಚಿ ಬೆರಳು ಬೆರಳಿಗೂ ಬೇರೆ ಬೇರೆ ಬಟ್ಟೆ ಸುತ್ತಿದರು. ಬೆರಳುಗಳು ಮೊದಲಿನ ಹಾಗೆ ಮಡಿಚುತ್ತವೆಯೇ ಅಂತ ನಾನು ಕೇಳಿದೆ. ನೋಡೋಣ ಅಮ್ಮ ಅಂದರು. ಅಂದು ಎಲ್ಲರೂ ನೋಡೋಣ ಅನ್ನುವವರೇ.

ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಗಂಡ ಊರೂರು ಸುತ್ತಲು ಹೋಗುವುದಿಲ್ಲ ಅನ್ನುವ ಸಮಾಧಾನವಾಗಲಿ, ಸೋತ ಅನ್ನುವ ದುಃಖವಾಗಲಿ ಸೊಸೆ ಮುಖದಲ್ಲಿ ತೋರಿಸಲಿಲ್ಲ. ತೋರಿಸಿದರೆ ಯಾವುದನ್ನು ತೋರಿಸುವುದು. ಮುದ್ದೆ ಬಸ್ಸಾರು ಬಡಿಸಿ ತಟ್ಟೆ ಮುಂದಿಟ್ಟಳು.

ನಮ್ಮ ಮನೆಯಲ್ಲಿ ಎಡಗೈ ತಟ್ಟೆಗೆ ಹಾಕಿದವರಿಲ್ಲ. ಮಗ ಸ್ವಲ್ಪ ಹೊತ್ತು ತಟ್ಟೆ ನೋಡುತ್ತ ಕೂತ. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯ ಹತ್ತಿರ ಹಿಡಿದೆ.

"ಬ್ಯಾಡ ಬಿಡವ್ವ" ಅಂದ. ಸಿಟ್ಟಿನಿಂದಲ್ಲ, ಮೆತ್ತಗೇ ಅಂದ.

ಸೊಸೆ ಒಂದು ಚಮಚ ತಂದಿಟ್ಟಳು. ಅದನ್ನೂ ಮುಟ್ಟಲಿಲ್ಲ. ಎಡಗೈ ತಟ್ಟೆಗೆ ಹಾಕಿದ. ಆ ಕೈಗೆ ಮುದ್ದೆ ಮುರಿಯಲು ಬರಲಿಲ್ಲ. ತಟ್ಟೆಯ ತುಂಬ ಜಾರಿತು, ಅಂಚಿಗೆ ಹೋಗಿ ನಿಂತಿತು, ಮತ್ತೆ ಎಳೆದುಕೊಂಡ. ನಾನು ನೋಡಬಾರದು ಅಂತ ನೆಲ ನೋಡಿದೆ. ನನ್ನ ಕೈಯಲ್ಲಿ ಆ ತುತ್ತು ಹಾಗೇ ಇತ್ತು, ಸಾರು ಮೊಣಕೈಗೆ ಇಳಿಯುತ್ತಿತ್ತು. ಅದನ್ನು ಮತ್ತೆ ಅವನ ತಟ್ಟೆಗೆ ಹಾಕುವಂತಿಲ್ಲ, ಹಸುವಿಗೆ ಹಾಕಲು ಮನಸ್ಸಿಲ್ಲ. ನಾನೇ ತಿಂದೆ.